ಪೆಟ್ಟಿಗೆ ಸಿಕ್ಕಿತು, ದನಿ ಎಲ್ಲಿ?

ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಿಂದ ಕೊಳ್ಳೇಗಾಲದ ಬಸ್ಸು ಹತ್ತಿದವರಿಗೆ ಇವತ್ತು ದಾರಿಯಲ್ಲಿ ಗಡಿಯೆಂಬುದು ಕಣ್ಣಿಗೆ ಬೀಳುವುದಿಲ್ಲ. 1956ರ ನವೆಂಬರ್ 1ರವರೆಗೆ ಅಲ್ಲೊಂದು ಗಡಿ ಇತ್ತು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದ ಯಳಂದೂರು ಮೈಸೂರಿನ ಪಾಲು. ಇವತ್ತಿನ ಹನೂರನ್ನೂ ಹೊಟ್ಟೆಯೊಳಗಿಟ್ಟುಕೊಂಡಿದ್ದ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ಪಾಲು. ಎರಡೂ ಕಡೆ ಆಡುವುದು ಕನ್ನಡ, ಎರಡೂ ಕಡೆ ಕುಣಿಯುವುದು ಕಂಸಾಳೆ, ಕಂದಾಯ ಕಟ್ಟುವ ಕಚೇರಿ ಮಾತ್ರ ಬೇರೆ. ಈ ಗೆರೆಯನ್ನು ಯಾರ ಅಪ್ಪಣೆಗೂ ಕಾಯದೆ ದಾಟುತ್ತಿದ್ದದ್ದು ಸಂತೆಗೆ ಹೊರಟ ಜನ, ದನ, ಮತ್ತೆ ರೇಡಿಯೋ ತರಂಗ.

ಈ ಸೀಮೆಯಲ್ಲಿ ರೇಡಿಯೋ ಇಟ್ಟುಕೊಂಡ ಮನೆಗೆ ಎರಡು ದಿಕ್ಕಿನಿಂದ ದನಿ ಬರುವ ಅವಕಾಶವಿತ್ತು. ಪಶ್ಚಿಮಕ್ಕೆ ಐವತ್ತು ಅರವತ್ತು ಕಿಲೋಮೀಟರ್ ದೂರದಲ್ಲಿ ಮೈಸೂರಿನ ಆಕಾಶವಾಣಿ. ಪೂರ್ವಕ್ಕೆ 1938ರಲ್ಲಿ ಶುರುವಾದ ಮದ್ರಾಸು ನಿಲಯ, 1939ರಲ್ಲಿ ಬಂದ ತಿರುಚಿರಾಪಳ್ಳಿ ನಿಲಯ. ಅವು ಮೀಡಿಯಂ ವೇವ್ ಕಾಲ. ಹಗಲಿನಲ್ಲಿ ಸೂರ್ಯನ ಬಿಸಿಲು ವಾತಾವರಣದ ಮೇಲ್ಭಾಗದಲ್ಲಿ ಒಂದು ವಿದ್ಯುದಾವೇಶದ ಪದರವನ್ನು ಎಬ್ಬಿಸುತ್ತದೆ. ಮೇಲಕ್ಕೆ ಹೋದ ಮೀಡಿಯಂ ವೇವ್ ತರಂಗವನ್ನು ಈ ಪದರ ನುಂಗಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಇನ್ನೂ ಮೇಲಿನ ಪದರಕ್ಕೆ ಬಡಿದ ತರಂಗ ಮತ್ತೆ ನೆಲಕ್ಕೆ ಬೀಳುತ್ತದೆ. ಹಗಲು ಸದ್ದಿಲ್ಲದ ಸ್ಟೇಷನ್ನು ರಾತ್ರಿ ಎಂಟಕ್ಕೆ ಗಟ್ಟಿಯಾಗಿ ಕೇಳುವುದು ಇದರಿಂದಲೇ. ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ಕೂತವರು ತಿರುಪು ತಿರುಗಿಸುತ್ತಾ ಮೈಸೂರು, ಮದ್ರಾಸು, ಕೊಲಂಬೋ ಎಲ್ಲವನ್ನೂ ಹುಡುಕಬಹುದಾಗಿತ್ತು.

ಹೀಗೆ ಕೇಳಿದವರ ಚರಿತ್ರೆ ಸರ್ಕಾರಿ ದಾಖಲೆಯಲ್ಲಿ ಸಿಗುವುದು ಕಷ್ಟ. ಪ್ರಸಾರ ಮಾಡಿದವರ ಚರಿತ್ರೆ ಅಷ್ಟಿಷ್ಟು ಉಳಿದಿದೆ. ಕೇಳಿದ ಪೆಟ್ಟಿಗೆಗಳು ಅಟ್ಟದ ಮೇಲೋ ಗುಜರಿ ಅಂಗಡಿಯಲ್ಲೋ ಇವೆ. ಚರಿತ್ರೆಯನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ಕಾಪಾಡುವ ಕೆಲಸವನ್ನು ಜಗತ್ತಿನ ಹಲವೆಡೆ ಸಣ್ಣ ಸಣ್ಣ ಸಂಘಗಳು ಮಾಡುತ್ತಿವೆ. ಅಮೆರಿಕದ ಆಂಟಿಕ್ ವೈರ್‌ಲೆಸ್ ಅಸೋಸಿಯೇಷನ್ 1952ರಲ್ಲಿ ಹುಟ್ಟಿತು. ಬ್ರಿಟನ್ನಿನ ವಿಂಟೇಜ್ ವೈರ್‌ಲೆಸ್ ಸೊಸೈಟಿ 1976ರದ್ದು. ಲಂಡನ್ನಿನ ಡಲ್ವಿಚ್‌ನಲ್ಲಿ ಜೆರಾಲ್ಡ್ ವೆಲ್ಸ್ ಎಂಬಾತ ತಾನು ಹುಟ್ಟಿದ ಮನೆಯನ್ನೇ ರೇಡಿಯೋ ಮ್ಯೂಸಿಯಂ ಮಾಡಿ, 2014ರಲ್ಲಿ ತೀರಿಕೊಳ್ಳುವವರೆಗೂ ವಾಲ್ವ್ ಸೆಟ್ಟುಗಳ ನಡುವೆಯೇ ಬದುಕಿದ.

ಇಂಥ ಹವ್ಯಾಸಿ ಸಂಘ ನಮ್ಮಲ್ಲಿ ಹೊಸದೆಂದು ತಿಳಿಯಬೇಕಾಗಿಲ್ಲ. ಭಾರತದಲ್ಲಿ ರೇಡಿಯೋ ಹುಟ್ಟಿದ್ದೇ ಕ್ಲಬ್ಬುಗಳಲ್ಲಿ. 1923ರಲ್ಲಿ ಮುಂಬಯಿ ಮತ್ತು ಕಲ್ಕತ್ತದ ರೇಡಿಯೋ ಕ್ಲಬ್ಬುಗಳು ಪ್ರಸಾರದ ಪ್ರಯೋಗ ಶುರುಮಾಡಿದವು. 1924ರ ಮೇ ತಿಂಗಳಲ್ಲಿ ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿ ಅವರ ಮುಂದಾಳ್ತನದಲ್ಲಿ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಹುಟ್ಟಿಕೊಂಡಿತು, ಜುಲೈ 31ಕ್ಕೆ ಪ್ರಸಾರವನ್ನೂ ಆರಂಭಿಸಿತು. ಮೂರೇ ವರ್ಷಕ್ಕೆ ದುಡ್ಡಿಲ್ಲದೆ ಬಾಗಿಲು ಹಾಕಿ, ತನ್ನ ಯಂತ್ರವನ್ನು ಮದ್ರಾಸು ಕಾರ್ಪೊರೇಷನ್ನಿಗೆ ಕೊಟ್ಟುಬಿಟ್ಟಿತು. ಕಾರ್ಪೊರೇಷನ್ 1930ರಿಂದ ಪ್ರಸಾರ ನಡೆಸಿ, 1938ರಲ್ಲಿ ಆಲ್ ಇಂಡಿಯಾ ರೇಡಿಯೋಗೆ ಜಾಗ ಬಿಟ್ಟಿತು. ನಡುವೆ 1927ರ ಜುಲೈನಲ್ಲಿ ಬಂದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಖಾಸಗಿ ಸಂಸ್ಥೆ 1930ರ ಮಾರ್ಚ್ ಹೊತ್ತಿಗೆ ಕೈಸುಟ್ಟುಕೊಂಡು ಮುಚ್ಚಿತು. ರೇಡಿಯೋದಲ್ಲಿ ಲಾಭವಿಲ್ಲವೆಂದು ಕಂಪನಿಗೆ ಗೊತ್ತಾದ ಕಾಲಕ್ಕೆ, ಲಾಭದ ಗೊಡವೆಯೇ ಇಲ್ಲದ ಹವ್ಯಾಸಿಗಳು ಅದನ್ನು ಹಿಡಿದುಕೊಂಡಿದ್ದರು.

ಅಂಥ ಹವ್ಯಾಸಿಗಳಲ್ಲಿ ಕನ್ನಡಿಗರಿಗೆ ಮುಖ್ಯವಾದವರು ಡಾ. ಎಂ.ವಿ. ಗೋಪಾಲಸ್ವಾಮಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದವರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗಕ್ಕೆ ಬುನಾದಿ ಹಾಕಿದವರು. ಎಂಜಿನಿಯರೂ ಅಲ್ಲ, ವ್ಯಾಪಾರಿಯೂ ಅಲ್ಲ. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ 30 ವಾಟ್ ಪ್ರೇಷಕವೊಂದನ್ನಿಟ್ಟುಕೊಂಡು ಪ್ರಸಾರ ಶುರುಮಾಡಿದರು. 30 ವಾಟ್ ಎಂದರೆ ಹಳೆಯ ಕಾಲದ ಒಂದು ಸಣ್ಣ ಬಲ್ಬಿನಷ್ಟು ಶಕ್ತಿ. ಮೊದಲ ದಿನ ಕುವೆಂಪು ಕವಿತೆ ಓದಿದರೆಂದು ಬಾನುಲಿಯ ಚರಿತ್ರೆ ಬರೆದವರು ಹೇಳುತ್ತಾರೆ. ಮುಂದೆ 250 ವಾಟಿನ ಫಿಲಿಪ್ಸ್ ಪ್ರೇಷಕ ಬಂತು. ಇವತ್ತು ಮೈಸೂರಿನ ಯಾದವಗಿರಿಯಲ್ಲಿರುವ ಆಕಾಶವಾಣಿ ಕಟ್ಟಡಕ್ಕೂ ಆ ಮನೆಗೂ ಕೂಗಳತೆಯ ದೂರ.

ನಿಲಯಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಯಾರದೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಗೋಪಾಲಸ್ವಾಮಿಯವರದೆಂದು ಕೆಲವರು, ಅವರ ಜೊತೆಗೆ ನಿಲಯದಲ್ಲಿ ದುಡಿದ ನಾ. ಕಸ್ತೂರಿಯವರದೆಂದು ಕೆಲವರು. ಕೇರಳದಲ್ಲಿ ಹುಟ್ಟಿ ಕನ್ನಡದಲ್ಲಿ ‘ಅನರ್ಥಕೋಶ’ ಬರೆದು ನಗಿಸಿದ ಕಸ್ತೂರಿಯವರಿಗೆ ಇಂಥ ಹೆಸರು ಹೊಳೆದಿದ್ದರೆ ಆಶ್ಚರ್ಯವೇನಿಲ್ಲ. ಇಡೀ ದೇಶದ ರೇಡಿಯೋ ಅದೇ ಹೆಸರನ್ನು ತನ್ನದಾಗಿಸಿಕೊಂಡದ್ದು ಎರಡು ದಶಕ ಕಳೆದ ಮೇಲೆ.

ಪ್ರಾಧ್ಯಾಪಕರ ಸಂಬಳದಲ್ಲಿ ರೇಡಿಯೋ ಎಷ್ಟು ದಿನ ನಡೆದೀತು? ಮೈಸೂರು ನಗರಸಭೆ ನೆರವಿಗೆ ಬಂತು. 1942ರಲ್ಲಿ ಸಂಸ್ಥಾನದ ಸರ್ಕಾರವೇ ನಿಲಯವನ್ನು ವಹಿಸಿಕೊಂಡಿತು. 1950ರ ಏಪ್ರಿಲ್ 1ಕ್ಕೆ ಅದು ಆಲ್ ಇಂಡಿಯಾ ರೇಡಿಯೋದೊಳಗೆ ಸೇರಿತು. ಸ್ವಾತಂತ್ರ್ಯದ ಹೊತ್ತಿಗೆ ಆಲ್ ಇಂಡಿಯಾ ರೇಡಿಯೋ ಕೈಯಲ್ಲಿ ಉಳಿದದ್ದು ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸು, ಲಖನೌ, ತಿರುಚಿ ಈ ಆರೇ ನಿಲಯ. ಕನ್ನಡದ್ದು ಒಂದೂ ಇಲ್ಲ. ಒಬ್ಬ ಮೇಷ್ಟ್ರ ಮನೆಯಲ್ಲಿ ಹುಟ್ಟಿದ ಮೈಸೂರು ನಿಲಯ ಇಲ್ಲದಿದ್ದರೆ, 1950ರ ಜನವರಿ 8ರಂದು ಧಾರವಾಡ ನಿಲಯ ಬರುವವರೆಗೆ ಕನ್ನಡಕ್ಕೆ ತನ್ನದೆನ್ನುವ ರೇಡಿಯೋ ಮನೆಯೇ ಇರುತ್ತಿರಲಿಲ್ಲ. ಆ ಮೈಸೂರು ನಿಲಯವನ್ನೂ 1955ರ ನವೆಂಬರ್ 2ರಂದು ಬೆಂಗಳೂರಿಗೆ ಎತ್ತಿಕೊಂಡು ಹೋದರು. ಮೈಸೂರಿಗೆ ಅದು ಮರಳಿ ಬಂದದ್ದು 1974ರಲ್ಲಿ. ನಡುವಿನ ಎರಡು ದಶಕ ಯಳಂದೂರು, ಕೊಳ್ಳೇಗಾಲದ ಕಡೆಯವರಿಗೆ ಕನ್ನಡ ಎಂದರೆ ಬೆಂಗಳೂರು.

ಬೆಂಗಳೂರಿನ ಗ್ರಾಮೀಣ ಕಾರ್ಯಕ್ರಮಗಳಲ್ಲಿ ‘ಈರಣ್ಣ’ನಾಗಿ ಮನೆಮಾತಾದವರು ಎ.ಎಸ್. ಮೂರ್ತಿ. ಮುಂದೆ ‘ಅಭಿನಯ ತರಂಗ’ ಎಂಬ ರಂಗಶಾಲೆ ಕಟ್ಟಿದ ಮೇಲೂ ಅವರಿಗೆ ‘ಆಕಾಶವಾಣಿ ಈರಣ್ಣ’ ಎಂಬ ಹೆಸರು ಅಂಟಿಕೊಂಡೇ ಇತ್ತು. ಧಾರವಾಡದಲ್ಲಿ ಬೇಂದ್ರೆಯವರು ನಿಲಯದ ಸಲಹೆಗಾರರಾಗಿದ್ದರು. ಗಡಿಯಾಚೆಯ ತಮಿಳು ಸೀಮೆಯಲ್ಲಿ ಇನ್ನೊಂದು ಕತೆ ನಡೆಯಿತು. 1960ರ ದಶಕದಲ್ಲಿ ತಂಜಾವೂರಿನ ರೈತರಿಗೆ ಎಡಿಟಿ-27 ಎಂಬ ಹೊಸ ಭತ್ತದ ತಳಿಯನ್ನು ತಿರುಚಿ ನಿಲಯ ಎಷ್ಟು ಪರಿಚಯಿಸಿತೆಂದರೆ, ಜನ ಅದನ್ನು ‘ರೇಡಿಯೋ ಭತ್ತ’ ಎಂದೇ ಕರೆದರು. ಇದಕ್ಕೂ ಮೊದಲು, 1956ರಲ್ಲಿ, ಯುನೆಸ್ಕೊ ನೆರವಿನಿಂದ ಪುಣೆ ಸುತ್ತಲಿನ ಐದು ಜಿಲ್ಲೆಗಳ ಹಳ್ಳಿಗಳಲ್ಲಿ ರೈತರನ್ನು ರೇಡಿಯೋ ಮುಂದೆ ಕೂರಿಸಿ, ಕೇಳಿದ್ದನ್ನು ಚರ್ಚಿಸುವ ಪ್ರಯೋಗ ನಡೆದಿತ್ತು. 1959ರಿಂದ ಇಂಥ ಕೂಟಗಳು ದೇಶದ ಬೇರೆ ಕಡೆಗೂ ಹಬ್ಬಿದವು. ರೇಡಿಯೋ ಕೇಳುವುದು ಆಗ ಒಬ್ಬೊಬ್ಬರೇ ಕಿವಿಗೆ ಸಿಕ್ಕಿಸಿಕೊಂಡು ಮಾಡುವ ಕೆಲಸವಾಗಿರಲಿಲ್ಲ.

ಆಗೆಲ್ಲ ಹಳ್ಳಿಯಲ್ಲಿ ಸೆಟ್ಟು ಇಡುವುದು ಸುಲಭದ ಮಾತೂ ಅಲ್ಲ. ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಉತ್ಪಾದನೆ ಶುರುವಾಯಿತು. ಆ ಕರೆಂಟು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗೆ. ಪಕ್ಕದ ಹಳ್ಳಿಗಳು ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಕರೆಂಟಿಲ್ಲದ ಊರಿಗೆಂದೇ ಬ್ಯಾಟರಿ ವಾಲ್ವ್ ಸೆಟ್ಟುಗಳಿದ್ದವು. ವಾಲ್ವಿನೊಳಗಿನ ತಂತಿ ಕಾಯಿಸಲು ಒಂದೂವರೆ ವೋಲ್ಟು, ಮಿಕ್ಕ ಕೆಲಸಕ್ಕೆ 90 ವೋಲ್ಟು. ಇವೆರಡನ್ನೂ ಕೊಡುವ ದಪ್ಪನೆಯ ಡ್ರೈ ಬ್ಯಾಟರಿ ಸೆಟ್ಟಿನ ಹಿಂಭಾಗದಲ್ಲಿ ಕೂರುತ್ತಿತ್ತು. ಅದು ಮುಗಿದರೆ ಹೊಸದು ಬರುವವರೆಗೆ ಮನೆ ಮೌನ. ಇವತ್ತು ಅಂಥ ಬ್ಯಾಟರಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಳೆಯ ಸೆಟ್ಟನ್ನು ಮಾತಾಡಿಸಬೇಕೆಂದವರು ಹತ್ತು 9 ವೋಲ್ಟಿನ ಬ್ಯಾಟರಿಗಳನ್ನು ಒಂದರ ಹಿಂದೊಂದು ಸಿಕ್ಕಿಸಿ 90 ಮಾಡಿಕೊಳ್ಳುತ್ತಾರೆ.

ಮೇಲೆ ಲೈಸೆನ್ಸು ಬೇರೆ. ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ವರ್ಷಕ್ಕೆ ಹತ್ತು ರೂಪಾಯಿ, ಮುಂದಿನ ದಿನಗಳಲ್ಲಿ ಹದಿನೈದು ರೂಪಾಯಿ ಕಟ್ಟಿ, ಸಣ್ಣ ಪುಸ್ತಕದಲ್ಲಿ ಸ್ಟಾಂಪು ಹಚ್ಚಿಸಿಕೊಂಡು ಬರಬೇಕಿತ್ತು. 1980ರ ದಶಕದ ಮಧ್ಯದಲ್ಲಿ ಆ ಪದ್ಧತಿ ಹೋಯಿತು. ಸಂಗ್ರಹಕಾರರ ಕಣ್ಣಿಗೆ ಈ ಪುಸ್ತಕ ಎಷ್ಟೋ ಸಲ ರೇಡಿಯೋಗಿಂತ ಮೇಲು. ಪೆಟ್ಟಿಗೆ ಯಾರದೆಂದು ಪೆಟ್ಟಿಗೆ ಹೇಳುವುದಿಲ್ಲ. ಲೈಸೆನ್ಸು ಪುಸ್ತಕ ಹೇಳುತ್ತದೆ: ಊರು, ಹೆಸರು, ಯಾವ ಕಂಪನಿಯ ಸೆಟ್ಟು, ಯಾವ ವರ್ಷದಿಂದ ಯಾವ ವರ್ಷದವರೆಗೆ ದುಡ್ಡು ಕಟ್ಟಿದರು ಎಂದು. ಅಟ್ಟ ಗುಡಿಸುವಾಗ ರೇಡಿಯೋ ಎತ್ತಿಟ್ಟು ಕಾಗದವನ್ನು ಒಲೆಗೆ ಹಾಕುವ ಮನೆಗಳೇ ಹೆಚ್ಚೆಂಬುದು ಬೇಸರದ ವಿಷಯ.

ಸಿಗುವ ಸೆಟ್ಟುಗಳಲ್ಲಿ ಮರ್ಫಿ, ಬುಷ್, ಫಿಲಿಪ್ಸ್, ಎಚ್‌ಎಂವಿ, ಜಿಇಸಿ, ನ್ಯಾಷನಲ್ ಎಕೊ, ಟೆಲಿಫಂಕನ್ ಹೆಸರುಗಳು ಮತ್ತೆ ಮತ್ತೆ ಕಾಣುತ್ತವೆ. ಬಾಯ ಮೇಲೆ ಬೆರಳಿಟ್ಟ ಮರ್ಫಿ ಮಗುವಿನ ಕ್ಯಾಲೆಂಡರು ಗೋಡೆಗೆ ತೂಗಿದ್ದ ಮನೆಗಳ ಪೈಕಿ ಎಷ್ಟರಲ್ಲಿ ಮರ್ಫಿ ರೇಡಿಯೋ ಇತ್ತೋ ಹೇಳಲಾಗದು. ಕರ್ನಾಟಕದ ಪಾಲೂ ಇದರಲ್ಲಿದೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿದ್ದ ರೆಮ್ಕೋ ಕಂಪನಿಯ ಪೂರ್ಣ ಹೆಸರಿನಲ್ಲೇ ರೇಡಿಯೋ ಇತ್ತು. ಆ ಕಾರ್ಖಾನೆ ಮುಂದೆ ಬಿಎಚ್‌ಇಎಲ್ ಸೇರಿತು. 1954ರಲ್ಲಿ ಹುಟ್ಟಿದ ಜಾಲಹಳ್ಳಿಯ ಬಿಇಎಲ್, 1960ರ ದಶಕದ ಆರಂಭದಿಂದ ಫಿಲಿಪ್ಸ್ ಸಹಯೋಗದಲ್ಲಿ ರೇಡಿಯೋ ವಾಲ್ವು ಮಾಡಿತು. ಗಾಜಿನ ಮೇಲೆ ಬಿಇಎಲ್ ಮುದ್ರೆಯಿದ್ದ ವಾಲ್ವು ಇವತ್ತಿಗೂ ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಅಂಗಡಿಗಳಲ್ಲಿ ಹುಡುಕಿದರೆ ಸಿಕ್ಕೀತು.

ಇನ್ನು ರಿಪೇರಿ. ಹಳೆಯ ಸೆಟ್ಟು ಸಿಕ್ಕ ಖುಷಿಗೆ ಪ್ಲಗ್ಗನ್ನು ಸೀದಾ ಗೋಡೆಗೆ ಚುಚ್ಚುವುದು ಹೊಸಬರು ಮಾಡುವ ಮೊದಲ ಅನಾಹುತ. ತಿಳಿದವರು ಹಿಂದಿನ ಹಲಗೆ ತೆಗೆದು ಮೊದಲು ಕಣ್ಣಲ್ಲೇ ನೋಡುತ್ತಾರೆ. ಇಲಿ ಗೂಡು ಕಟ್ಟಿದೆಯೇ, ಸ್ಪೀಕರಿನ ಕಾಗದದ ಕೋನು ಹರಿದಿದೆಯೇ, ವೈರಿನ ರಬ್ಬರು ಮುಟ್ಟಿದರೆ ಉದುರುತ್ತದೆಯೇ, ವೋಲ್ಟೇಜು ಆರಿಸುವ ಪಿನ್ನು ಎಲ್ಲಿ ಕೂತಿದೆ. ಆಮೇಲೆ 60 ವಾಟಿನ ಬಲ್ಬೊಂದನ್ನು ಸೀರೀಸಿನಲ್ಲಿ ಹಾಕಿ ಕರೆಂಟು ಕೊಡುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತದೆ, ಸೆಟ್ಟು ಬದುಕುತ್ತದೆ. ಬಲ್ಬು ಮೊದಲು ಹೊಳೆದು ಮಂಕಾದರೆ ಮುಂದುವರಿಯಬಹುದು.

ಐದು ವಾಲ್ವಿನ ಸಾಮಾನ್ಯ ಸೆಟ್ಟಿನ ಕೆಲಸ ಹೀಗೆ. ಏರಿಯಲ್ ತಂದುಕೊಟ್ಟ ಸಂಕೇತಕ್ಕೆ ಇಸಿಎಚ್81 ವಾಲ್ವು ತಾನೇ ಹುಟ್ಟಿಸಿದ ಇನ್ನೊಂದು ಸಂಕೇತವನ್ನು ಬೆರೆಸಿ, ಯಾವ ಸ್ಟೇಷನ್ನಾದರೂ ಸರಿ, ಅದನ್ನು ಸುಮಾರು 455 ಕಿಲೋಹರ್ಟ್ಸಿಗೆ ಇಳಿಸುತ್ತದೆ. ಮುಂದಿನ ವಾಲ್ವುಗಳು ಸದಾ ಅದೊಂದೇ ಕಂಪನಾಂಕವನ್ನು ನೋಡಿಕೊಂಡರೆ ಸಾಕು. ಅದನ್ನು ಹಿಗ್ಗಿಸಿ, ಅದರೊಳಗಿನ ಮಾತು-ಹಾಡನ್ನು ಬೇರ್ಪಡಿಸಿ, ಕೊನೆಗೆ ಇಎಲ್84 ಎಂಬ ವಾಲ್ವು ಸ್ಪೀಕರಿಗೆ ಬೇಕಾದ ಬಲ ಕೊಡುತ್ತದೆ. ಮನೆಯ ಕರೆಂಟನ್ನು ಏಕಮುಖ ಮಾಡುವುದು ಇಝಡ್80. ಸ್ವಿಚ್ಚು ಹಾಕಿದ ಮೇಲೆ ವಾಲ್ವುಗಳು ಕಾಯಲು ಅರ್ಧ ನಿಮಿಷ ಬೇಕು. ವಾರ್ತೆ ಏಳೂವರೆಗೆ ಇದ್ದರೆ ಒಂದು ನಿಮಿಷ ಮುಂಚೆಯೇ ತಿರುಪು ತಿರುಗಿಸುತ್ತಿದ್ದದ್ದು ಇದಕ್ಕೇ. ದುಬಾರಿ ಸೆಟ್ಟುಗಳಲ್ಲಿ ‘ಮ್ಯಾಜಿಕ್ ಐ’ ಎಂಬ ಹಸಿರು ಬೆಳಕಿನ ವಾಲ್ವೊಂದಿತ್ತು. ಸ್ಟೇಷನ್ನು ಸರಿಯಾಗಿ ಹಿಡಿದಾಗ ಆ ಹಸಿರಿನ ನಡುವಿನ ನೆರಳು ಕಿರಿದಾಗುತ್ತಿತ್ತು.

ವಾಲ್ವುಗಳು ಗಟ್ಟಿ ಜೀವ. ಅರವತ್ತು ವರ್ಷದ ಸೆಟ್ಟಿನಲ್ಲಿ ಸಾಮಾನ್ಯವಾಗಿ ಸತ್ತಿರುವುದು ಕಂಡೆನ್ಸರ್. ಮೇಣ ಅಥವಾ ಟಾರಿನಲ್ಲಿ ಮುಳುಗಿಸಿದ ಕಾಗದದ ಕಂಡೆನ್ಸರುಗಳು ತೇವ ಹೀರಿ ಒಳಗೊಳಗೇ ಸೋರುತ್ತವೆ. ಅವುಗಳಲ್ಲಿ ಒಂದರ ಮೇಲೆ ಮೆಕ್ಯಾನಿಕ್ಕುಗಳಿಗೆ ವಿಶೇಷ ಅನುಮಾನ: ಇಎಲ್84ರ ಗ್ರಿಡ್ಡಿಗೆ ಹಿಂದಿನ ವಾಲ್ವಿನಿಂದ ಸದ್ದು ಸಾಗಿಸುವ ಪುಟ್ಟ ಕಂಡೆನ್ಸರ್. ಇದು ಸ್ವಲ್ಪ ಸೋರಿದರೂ ಗ್ರಿಡ್ಡಿಗೆ ಬರಬಾರದ ಪಾಸಿಟಿವ್ ವೋಲ್ಟೇಜು ಬರುತ್ತದೆ, ವಾಲ್ವು ಮಿತಿಮೀರಿ ಕರೆಂಟು ಎಳೆಯುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಟ್ಟುಹೋಗುತ್ತದೆ. ಕೆಲವೇ ರೂಪಾಯಿಯ ಸಾಮಾನಿಗೆ ಇಡೀ ಸೆಟ್ಟು ಬಲಿ. ಹಾಗಾಗಿ ಕರೆಂಟು ಕೊಡುವ ಮೊದಲೇ ಅದನ್ನು ಬದಲಿಸಿಬಿಡುತ್ತಾರೆ. ಶಿಸ್ತಿನ ಸಂಗ್ರಹಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ಹಳೆಯ ಕಂಡೆನ್ಸರಿನ ಹೊಟ್ಟೆ ಖಾಲಿ ಮಾಡಿ, ಹೊಸದನ್ನು ಅದರೊಳಗೇ ಕೂರಿಸಿ, ಮೇಣ ಮುಚ್ಚಿ ಸ್ವಸ್ಥಾನದಲ್ಲೇ ಬೆಸುಗೆ ಹಾಕುತ್ತಾರೆ. ಹಲಗೆ ತೆಗೆದು ನೋಡಿದವರಿಗೆ ಕಾರ್ಖಾನೆಯಿಂದ ಬಂದ ಹಾಗೇ ಕಾಣಬೇಕು. ಇದು ಅತಿಯಾಯಿತೆನ್ನಿಸಬಹುದು, ಆದರೆ ಹಳೆಯ ಸೆಟ್ಟನ್ನು ಹೇಗೆ ಕಟ್ಟಿದ್ದರೆಂದು ಮುಂದಿನವರು ನೋಡಿ ಕಲಿಯಲು ಬೇರೆ ದಾರಿಯಿಲ್ಲ.

ಅಂದಗಾಣಿಸಲು ಹೋಗಿ ಹಾಳು ಮಾಡುವವರೂ ಉಂಟು. ಡಯಲ್ ಗಾಜಿನ ಮೇಲೆ ಸ್ಟೇಷನ್ನುಗಳ ಹೆಸರು, ಮೀಟರುಗಳ ಅಂಕಿ ಅಚ್ಚಾಗಿರುವುದು ಒಳಮೈಯಲ್ಲಿ. ಸ್ಪಿರಿಟ್ಟೋ ಸೋಪುನೀರೋ ತಾಗಿಸಿದರೆ ಅಕ್ಷರವೆಲ್ಲ ಬಟ್ಟೆಗೆ ಬರುತ್ತದೆ. ಎಸಿ-ಡಿಸಿ ಎರಡಕ್ಕೂ ಹೊಂದುವ ಅಗ್ಗದ ಸೆಟ್ಟುಗಳಲ್ಲಿ ಇನ್ನೊಂದು ಅಪಾಯ. ಅವುಗಳಿಗೆ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇಲ್ಲ, ಕರೆಂಟಿನ ಒಂದು ತಂತಿ ನೇರವಾಗಿ ಚಾಸಿಗೆ ಸೇರಿರುತ್ತದೆ. ತಿರುಪು ಕಳಚಿ ಬಿದ್ದಾಗ ಹೊರಗೆ ಚಾಚಿಕೊಂಡ ಲೋಹದ ಕಡ್ಡಿ ಮುಟ್ಟಿದರೂ ಶಾಕು ಹೊಡೆಯುತ್ತದೆ. ಇಂಥ ಸೆಟ್ಟು ರಿಪೇರಿ ಮಾಡುವವರು ಐಸೊಲೇಷನ್ ಟ್ರಾನ್ಸ್‌ಫಾರ್ಮರು ಇಲ್ಲದೆ ಕೈ ಹಾಕುವುದಿಲ್ಲ.

ಇಷ್ಟೆಲ್ಲ ಮಾಡಿ ಸೆಟ್ಟು ಸರಿಹೋಯಿತೆನ್ನಿ. ಹಿಡಿಯುವುದು ಏನನ್ನು? ಮೈಸೂರು ಆಕಾಶವಾಣಿ ಈಗ ಬರುವುದು 100.6 ಮೆಗಾಹರ್ಟ್ಸಿನ ಎಫ್‌ಎಂನಲ್ಲಿ. ವಿವಿಧ ಭಾರತಿ ಬೆಂಗಳೂರಿನಲ್ಲಿ 102.9. ನಮ್ಮ ಹಳೆಯ ವಾಲ್ವ್ ಸೆಟ್ಟುಗಳಲ್ಲಿ ಬಹುಪಾಲಿಗೆ ಎಫ್‌ಎಂ ಎಂಬ ಬ್ಯಾಂಡೇ ಇಲ್ಲ. ಪ್ರಸಾರ ಭಾರತಿ ಈಚಿನ ವರ್ಷಗಳಲ್ಲಿ ಹಲವು ಮೀಡಿಯಂ ವೇವ್ ಪ್ರೇಷಕಗಳನ್ನು ಮುಚ್ಚಿದೆ. ಶಾರ್ಟ್ ವೇವ್ ಇನ್ನೂ ಬರಡು. 1952ರಿಂದ ಅಮೀನ್ ಸಯಾನಿಯವರ ಗೀತ್‌ಮಾಲಾಕ್ಕಾಗಿ ದೇಶವೇ ಕಿವಿಗೊಟ್ಟಿದ್ದ ರೇಡಿಯೋ ಸಿಲೋನಿನ ಗದ್ದಲ ಅಲ್ಲಿಲ್ಲ. ಬಿಬಿಸಿಯ ಹಿಂದಿ ಶಾರ್ಟ್ ವೇವ್ ಪ್ರಸಾರ 2020ರ ಜನವರಿಯಲ್ಲಿ ನಿಂತಿತು. ಉಳಿದಿರುವ ಮೀಡಿಯಂ ವೇವನ್ನೂ ಮನೆಮನೆಯ ಎಲ್‌ಇಡಿ ಬಲ್ಬು, ಮೊಬೈಲು ಚಾರ್ಜರುಗಳ ಗರಗರ ಮುಚ್ಚಿಹಾಕುತ್ತದೆ. ಸೆಟ್ಟನ್ನು ಬದುಕಿಸಿದವರು ಊರ ಹೊರಗಿನ ತೋಟಕ್ಕೆ ಒಯ್ದು ಕೇಳಿಸುವ ಕಾಲ ಬಂದಿದೆ.

ಪೆಟ್ಟಿಗೆ ಕಾಪಾಡುವುದಕ್ಕಿಂತ ದನಿ ಕಾಪಾಡುವುದು ಕಷ್ಟ ಎಂಬುದು ಇಲ್ಲಿಯೇ ಗೊತ್ತಾಗುವುದು. ಗೋಪಾಲಸ್ವಾಮಿಯವರ ಮನೆಯ ಪ್ರಸಾರ ನೇರವಾಗಿ ಗಾಳಿಗೆ ಹೋದದ್ದು. ಆಕಾಶವಾಣಿ ತನ್ನ ಧ್ವನಿಮುದ್ರಣಗಳನ್ನು ಕೂಡಿಡುವ, ನಿಲಯದಿಂದ ನಿಲಯಕ್ಕೆ ಹಂಚುವ ಪ್ರತ್ಯೇಕ ವಿಭಾಗವನ್ನು ಆರಂಭಿಸಿದ್ದೇ 1954ರ ಏಪ್ರಿಲ್‌ನಲ್ಲಿ. ಆಮೇಲೂ ಟೇಪು ದುಬಾರಿ. ಒಮ್ಮೆ ಪ್ರಸಾರವಾದ ಟೇಪನ್ನು ಅಳಿಸಿ ಅದರ ಮೇಲೇ ಇನ್ನೊಂದನ್ನು ಮುದ್ರಿಸುವುದು ಆಗ ಜಗತ್ತಿನ ಬಹಳಷ್ಟು ನಿಲಯಗಳ ರೂಢಿ. ಬಿಬಿಸಿಯೇ ಇದರಲ್ಲಿ ಅಮೂಲ್ಯವಾದ ಎಷ್ಟನ್ನೋ ಕಳೆದುಕೊಂಡಿದೆ. ದೊಡ್ಡ ಗಾಯಕರು, ದೊಡ್ಡ ಕವಿಗಳ ದನಿ ಬಹುಮಟ್ಟಿಗೆ ಉಳಿಯಿತು. 2003ರ ನಂತರ ಆಕಾಶವಾಣಿ ತನ್ನ ಭಂಡಾರದ ಸಂಗೀತವನ್ನು ಸಿಡಿಗಳಾಗಿಯೂ ಹೊರತಂದಿತು. ಅಳಿಸಿಹೋಗಿರುವ ಸಂಭವ ಹೆಚ್ಚಿರುವುದು ರೇಷ್ಮೆ ಧಾರಣೆ ಓದಿದವರದು, ಕೃಷಿರಂಗದಲ್ಲಿ ಒಂದೇ ಸಲ ಮಾತಾಡಿದ ರೈತರದು, ಹಳ್ಳಿಯಿಂದ ಬಸ್ಸು ಹತ್ತಿ ಹೋಗಿ ಹಾಡಿ ಬಂದ ಸೋಬಾನೆ ಹೆಂಗಸರದು.

ಕರ್ನಾಟಕದಲ್ಲಿ ಈ ಕೆಲಸ ಇವತ್ತು ಚೂರುಚೂರಾಗಿ ನಡೆಯುತ್ತಿದೆ. ಬೆಂಗಳೂರಿನಲ್ಲಿ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿ ರೇಡಿಯೋ, ತರಬೇತಿ ಕೊಡುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದೆ, ಹಳೆಯ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಇದೆ. ಸ್ವಂತ ಮನೆಯಲ್ಲಿ ವಾಲ್ವ್ ಸೆಟ್ಟುಗಳನ್ನು ಜೋಡಿಸಿಟ್ಟ ಸಂಗ್ರಹಕಾರರು ಬೆಂಗಳೂರು, ಮೈಸೂರಿನಲ್ಲೆಲ್ಲ ಇದ್ದಾರೆ. ಫೆಬ್ರವರಿ 13ರ ವಿಶ್ವ ರೇಡಿಯೋ ದಿನ ಬಂದಾಗ ಅವರ ಸೆಟ್ಟುಗಳು ಪ್ರದರ್ಶನಕ್ಕೆ ಹೊರಬರುತ್ತವೆ. ನಿವೃತ್ತ ಉದ್ಘೋಷಕರು ನೆನಪು ಬರೆಯುತ್ತಾರೆ. ಇವರೆಲ್ಲ ಒಂದೇ ಕೋಣೆಯಲ್ಲಿ ಕೂರುವುದು ಅಪರೂಪ. ಹ್ಯಾಮ್‌ಗೆ ಸರ್ಕ್ಯೂಟಿನ ಮೇಲೆ ಪ್ರೀತಿ, ಸಂಗ್ರಹಕಾರರಿಗೆ ಪೆಟ್ಟಿಗೆಯ ಮೇಲೆ, ಉದ್ಘೋಷಕರಿಗೆ ಮಾತಿನ ಮೇಲೆ. ಕೇಳುಗರ ಪರವಾಗಿ ಕೂರುವವರು ಯಾರೂ ಇಲ್ಲ, ಈ ಕೊರತೆಯನ್ನು ತುಂಬಲು ದೊಡ್ಡ ಊರಿಗಿಂತ ಮಾಂಬಳ್ಳಿ, ಅಗರ, ಯಳಂದೂರಿನಂಥ ಊರುಗಳೇ ಹೆಚ್ಚು ತಕ್ಕವು.

ಅಂಥ ಕಡೆ ಸಂಘ ಕಟ್ಟುವುದಕ್ಕೆ ಖರ್ಚು ಬಹಳ ಇಲ್ಲ. ಮಲ್ಟಿಮೀಟರು, ಸೀರೀಸ್ ಬಲ್ಬಿನ ಬೋರ್ಡು, ಐಸೊಲೇಷನ್ ಟ್ರಾನ್ಸ್‌ಫಾರ್ಮರು, ಬೆಸುಗೆ ಕಡ್ಡಿ. ಟ್ರಾನ್ಸಿಸ್ಟರ್ ಕಾಲದಲ್ಲಿ ಅಂಗಡಿ ಇಟ್ಟು, ಮೊಬೈಲು ಬಂದ ಮೇಲೆ ಮುಚ್ಚಿದ ರೇಡಿಯೋ ಮೆಕ್ಯಾನಿಕ್ಕುಗಳು ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾರೆ. ಅವರ ಕೈ ಇನ್ನೂ ಮರೆತಿರುವುದಿಲ್ಲ. ಮುಖ್ಯವಾದ ಸಲಕರಣೆ ಈಗ ಎಲ್ಲರ ಜೇಬಿನಲ್ಲೂ ಇದೆ: ಧ್ವನಿ ಮುದ್ರಿಸುವ ಫೋನು. ಎಪ್ಪತ್ತು ಎಂಬತ್ತು ದಾಟಿದವರ ಮುಂದೆ ಅದನ್ನಿಟ್ಟು ಕೇಳಬೇಕಾದ್ದು ಬೇಕಾದಷ್ಟಿದೆ. ಊರಿಗೆ ಮೊದಲ ಸೆಟ್ಟು ಯಾರ ಮನೆಗೆ ಬಂತು? ಏರಿಯಲ್ ತಂತಿಯನ್ನು ಯಾವ ತೆಂಗಿನ ಮರಕ್ಕೆ ಕಟ್ಟಿದ್ದರು? ಜಗಲಿಯಲ್ಲಿ ಕೂತು ಕೇಳಲು ಎಲ್ಲ ಕೇರಿಯವರಿಗೂ ಜಾಗವಿತ್ತೇ, ಕೆಲವರು ಬೀದಿಯಲ್ಲೇ ನಿಲ್ಲಬೇಕಿತ್ತೇ? 1984ರ ಅಕ್ಟೋಬರ್ 31ರಂದು, ಆಕಾಶವಾಣಿ ಸಂಜೆಯವರೆಗೂ ಹೇಳದಿದ್ದ ಇಂದಿರಾ ಗಾಂಧಿಯವರ ಸಾವನ್ನು ಬಿಬಿಸಿಯಲ್ಲಿ ಮೊದಲು ಕೇಳಿದವರು ಯಾರು? ಕೊಳ್ಳೇಗಾಲದ ಕಡೆಯವರಿಗೆ ಇನ್ನೊಂದು ಪ್ರಶ್ನೆ ಉಂಟು: 1956ಕ್ಕೆ ಮುಂಚೆ ಮನೆಯಲ್ಲಿ ಮುಳ್ಳು ನಿಲ್ಲುತ್ತಿದ್ದದ್ದು ಮೈಸೂರಿನ ಮೇಲೋ ತಿರುಚಿಯ ಮೇಲೋ? ತಮಿಳು ಕಾರ್ಯಕ್ರಮಗಳ ಪಟ್ಟಿ ಹೊತ್ತು ಬರುತ್ತಿದ್ದ ‘ವಾನೊಲಿ’ ಪತ್ರಿಕೆ ಯಾರ ಮನೆಗಾದರೂ ಬರುತ್ತಿತ್ತೇ? ಜಗಲಿಯ ಪ್ರಶ್ನೆಯನ್ನಂತೂ ತಪ್ಪಿಸಬಾರದು. ರೇಡಿಯೋ ಎಲ್ಲರನ್ನೂ ಒಂದುಗೂಡಿಸಿತೆಂದು ಹೇಳುವುದು ಸುಲಭ, ಯಾರು ಎಲ್ಲಿ ಕೂತು ಕೇಳಿದರೆಂದು ವಿಚಾರಿಸಿದರೆ ಉತ್ತರ ಅಷ್ಟು ನಯವಾಗಿರಲಾರದು.

ಸಂಘವಾದ ಮೇಲೆ ಸ್ವಂತ ಪ್ರಸಾರದ ಆಸೆ ಬಂದರೂ ಬಂದೀತು. ಗಾಳಿಯ ತರಂಗ ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. 2006ರಿಂದ ಸರ್ಕಾರ ವಿದ್ಯಾಸಂಸ್ಥೆಗಳಷ್ಟೇ ಅಲ್ಲದೆ ಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಲು ಅನುಮತಿ ಕೊಡುತ್ತಿದೆ. ಸಂಸ್ಥೆಗೆ ಮೂರು ವರ್ಷದ ಅನುಭವ ಇರಬೇಕು, ಪ್ರಸಾರದ ಶಕ್ತಿ ಸಾಮಾನ್ಯವಾಗಿ 100 ವಾಟಿನೊಳಗಿರಬೇಕು. ಮೈಸೂರು ಜಿಲ್ಲೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ‘ಜನಧ್ವನಿ’ ಇಂಥದೇ ನಿಲಯ, ಕಾಡಂಚಿನ ಹಳ್ಳಿಗಳ ಜನ ಅದರ ಕೇಳುಗರು. ಗೋಪಾಲಸ್ವಾಮಿಯವರು ಶುರುಮಾಡಿದ 30 ವಾಟಿಗೆ ಹೋಲಿಸಿದರೆ 100 ವಾಟು ಧಾರಾಳ.

ತೊಡಕು ಒಂದೇ. ಸಮುದಾಯ ರೇಡಿಯೋ ಕೂಡ ಎಫ್‌ಎಂ, ಅಟ್ಟದಿಂದ ಇಳಿಸಿದ ಮರ್ಫಿಗೆ ಅದು ಕೇಳಿಸದು. ಮೀಡಿಯಂ ವೇವಿನಲ್ಲಿ ಮನೆಯೊಳಗಷ್ಟೇ ಮುಟ್ಟುವ ಪುಟ್ಟ ಪ್ರೇಷಕ ಮಾಡಿಕೊಳ್ಳುವ ಹವ್ಯಾಸಿಗಳಿದ್ದಾರೆ, ಆದರೆ ಅಲ್ಲಿ ಅನುಮತಿಯ ಪ್ರಶ್ನೆ ಎದುರಾಗುತ್ತದೆ. ಸರಳವಾದ ಉಪಾಯ ಸೆಟ್ಟಿನ ಬೆನ್ನಲ್ಲೇ ಇದೆ. ಗ್ರಾಮೊಫೋನಿನ ಪಿಕಪ್ ಸಿಕ್ಕಿಸಲೆಂದು ಆ ಕಾಲದ ಬಹಳಷ್ಟು ಸೆಟ್ಟುಗಳ ಹಿಂದೆ ಎರಡು ತೂತಿನ ಸಾಕೆಟ್ಟು ಕೊಟ್ಟಿದ್ದರು. ಎಸಿ ಸೆಟ್ಟಾಗಿದ್ದರೆ, ನಡುವೆ ಒಂದು ಸಣ್ಣ ಆಡಿಯೋ ಟ್ರಾನ್ಸ್‌ಫಾರ್ಮರು ಹಾಕಿ, ಅಜ್ಜಿಯ ಮಾತು ಮುದ್ರಿಸಿಕೊಂಡ ಫೋನನ್ನೇ ಆ ಸಾಕೆಟ್ಟಿಗೆ ಜೋಡಿಸಬಹುದು. ಎಸಿ-ಡಿಸಿ ಸೆಟ್ಟಾಗಿದ್ದರೆ ಅದರ ಗೊಡವೆಗೆ ಹೋಗದಿರುವುದು ಕ್ಷೇಮ.